ನಾಲ್ದೆಸೆಯ ಚು ಗೀತೆ

ಚೀನೀಯರು ‘ಸಿ ಮಿಯೆನ್ ಚು ಗೆ’, ಅಂದರೆ ನಾಲ್ಕು ದಿಕ್ಕುಗಳಲ್ಲಿಯೂ ಚು ನಾಡಿನ ಹಾಡು, ಎಂದು ಯಾರನ್ನಾದರೂ ಕುರಿತು ನುಡಿದರೆ ಅಲ್ಲಿ ಸಂಗೀತಸುಖವನ್ನು ಅರಸಬಾರದು. ಮಿತ್ರರೆಲ್ಲ ಕೈಬಿಟ್ಟ ಮಂತ್ರಿಗೂ, ಸಾಲ ಕೊಟ್ಟವರೆಲ್ಲ ಬಾಗಿಲಿಗೆ ಬಂದು ನಿಂತ ವ್ಯಾಪಾರಿಗೂ ಸಲ್ಲುವ ಮಾತು ಅದು.

ಕ್ರಿ. ಪೂ. 202ರಲ್ಲಿ ಗೈಶ್ಯಾ ಎಂಬಲ್ಲಿ ಹಾನ್ ನಾಯಕ ಲಿಯು ಬಾಂಗನ ಸೇನೆಯ ಮುತ್ತಿಗೆಗೆ ಸಿಲುಕಿ, ಸೈನಿಕರೂ ಧಾನ್ಯವೂ ಕ್ಷೀಣಿಸಿದ್ದ ಚು ವೀರ ಶ್ಯಾಂಗ್ ಯು, ಒಂದಿರುಳು ಶತ್ರುಶಿಬಿರದ ಎಲ್ಲ ಮಗ್ಗುಲುಗಳಿಂದಲೂ ತನ್ನ ನಾಡಿನ ಹಾಡುಗಳೇ ಕೇಳಿಬರಲು, ಚು ದೇಶವೆಲ್ಲ ಆಗಲೇ ವೈರಿಯ ವಶವಾಯಿತೇ ಎಂದು ದಿಗ್ಭ್ರಾಂತನಾದನೆಂದು ಇತಿಹಾಸಕಾರ ಸಿಮಾ ಚಿಯೆನ್ ತನ್ನ ‘ಷಿ ಜಿ’ಯಲ್ಲಿ ಬರೆದಿದ್ದಾನೆ. ನಿದ್ದೆಬಾರದ ಆ ವೀರನು ಗುಡಾರದೊಳಗೆ ಮದ್ಯವನ್ನು ಸೇವಿಸಿ, ಪ್ರಿಯತಮೆ ಯುಳನ್ನೂ ತನ್ನ ಕುದುರೆಯನ್ನೂ ಕುರಿತು ತಾನೇ ಹಾಡು ಕಟ್ಟಿ ಕಣ್ಣೀರ್ಗರೆದನು, ಅವಳೂ ದನಿಗೂಡಿಸಿದಳು. ಅವಳು ಖಡ್ಗದಿಂದ ಪ್ರಾಣತ್ಯಾಗ ಮಾಡಿದಳೆಂಬ ಸಂಗತಿ ‘ಷಿ ಜಿ’ಯಲ್ಲಿಲ್ಲ, ಅದು ಅನಂತರದವರ ಕಲ್ಪನೆ, ಆದರೆ ರಂಗಭೂಮಿಗೆ ಅದಿಲ್ಲದೆ ಸಾಗದು! 1922ರಲ್ಲಿ ಬೀಜಿಂಗಿನಲ್ಲಿ ಪುರುಷನಟ ಮೇ ಲಾನ್‌ಫಾಂಗ್ ಆ ಪಾತ್ರವನ್ನು ಧರಿಸಿ ಮಾಡಿದ ಖಡ್ಗನೃತ್ಯವು ಲೋಕವಿಖ್ಯಾತವಾಯಿತು.

ಮುತ್ತಿಗೆಯನ್ನು ಭೇದಿಸಿ ವುಜಿಯಾಂಗಿನ ಹೊಳೆದಂಡೆಯನ್ನು ಮುಟ್ಟಿದ ಶ್ಯಾಂಗ್ ಯು, ಅಲ್ಲಿ ದೋಣಿ ಸಿದ್ಧವಿದ್ದರೂ, ತನ್ನೊಡನೆ ಹೊರಟ 8,000 ತರುಣರಲ್ಲಿ ಒಬ್ಬನೂ ಹಿಂದಿರುಗದಿರುವಾಗ ಅವರ ತಂದೆಯರಿಗೆ ಯಾವ ಮುಖವನ್ನು ತೋರಿಸಲೆಂದು ದಾಟಲೊಲ್ಲದೆ ಮಡಿದನು. ಟಾಂಗ್ ಕಾಲದ ಕವಿ ಡು ಮು, ದಾಟಿ ಹೋಗಿ ಮತ್ತೆ ದಂಡು ಕಟ್ಟಬಹುದಾಗಿತ್ತೆಂದು ಆಕ್ಷೇಪಿಸಿದನು. ಸುಂಗ್ ಕವಯಿತ್ರಿ ಲಿ ಚಿಂಗ್‌ಝಾವ್, ತನ್ನ ರಾಜಪರಿವಾರವೇ ದಕ್ಷಿಣಕ್ಕೆ ಪಲಾಯನಗೈದ ದಿನಗಳನ್ನು ಕಂಡವಳಾದುದರಿಂದ, ದಾಟದವನನ್ನೇ ಕೊಂಡಾಡಿದಳು.