ಮಾಲೀಕರೇ, ನಿಮ್ಮ ನಿದ್ದೆಯೂ ಬಂಡವಾಳವೇ

ನೀವು ಹೊಸದಾಗಿ ಒಂದು ಸಣ್ಣ ಹೋಟೆಲ್ ತೆರೆದಿದ್ದೀರಿ ಎಂದುಕೊಳ್ಳಿ. ಬೆಳಿಗ್ಗೆ 5ಕ್ಕೆ ಬಂದು ಬೀಗ ತೆಗೆಯುವವರು ನೀವೇ. ತರಕಾರಿ ತರುವವರು, ಸಾಂಬಾರಿನ ಉಪ್ಪು ನೋಡುವವರು, ಗಲ್ಲಾದಲ್ಲಿ ಕೂರುವವರು, ರಾತ್ರಿ 11ಕ್ಕೆ ಲೆಕ್ಕ ಮುಗಿಸಿ ಷಟರ್ ಎಳೆಯುವವರೂ ನೀವೇ. ಆರು ತಿಂಗಳಲ್ಲಿ ಎದೆಯುರಿ, ತಲೆನೋವು ಶುರು. ಮಲಗಿದರೆ ಸಾಲದ ಕಂತಿನ ಚಿಂತೆ. ಲೋಟ ಒಡೆದ ಸಪ್ಲೈಯರ್ ಮೇಲೆ ಗಿರಾಕಿಗಳೆದುರೇ ರೇಗುತ್ತೀರಿ. ಮನೆಗೆ ಬಂದರೆ ನಿಮ್ಮ ಮುಖ ನೋಡಿ ಮಕ್ಕಳು ಮಾತು ನಿಲ್ಲಿಸುತ್ತಾರೆ.

'ವ್ಯಾಪಾರ ಕುದುರುವ ತನಕ ಇದೆಲ್ಲ ಇದ್ದದ್ದೇ' ಎನ್ನುತ್ತೀರಾ? ದೇಹ ಅಷ್ಟು ದಿನ ಕಾಯುವುದಿಲ್ಲ.

ದೇಹದ ಲೆಕ್ಕವೇ ಬೇರೆ

ಆತಂಕವಾದಾಗ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ. ಎದೆಬಡಿತ, ರಕ್ತದೊತ್ತಡ, ರಕ್ತದಲ್ಲಿನ ಸಕ್ಕರೆ ಏರುತ್ತವೆ. ಅಪಾಯ ಎದುರಿಸಲು ದೇಹ ಮಾಡಿಕೊಳ್ಳುವ ಸಿದ್ಧತೆ ಇದು. ಆದರೆ ದಿನವಿಡೀ, ತಿಂಗಳುಗಟ್ಟಲೆ ಹೀಗೆಯೇ ಇದ್ದರೆ ಹೃದಯ ಬಳಲುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು. ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ಇದು 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದ ಲೆಕ್ಕ. ಬೆಳಿಗ್ಗೆ 5ರಿಂದ ರಾತ್ರಿ 11ರ ತನಕ ದುಡಿಯುವ ನೀವು ನಾಲ್ಕನೆಯ ದಿನವೇ ಆ ಗಡಿ ದಾಟಿರುತ್ತೀರಿ!

ನಿದ್ದೆಗೆಟ್ಟವರ ನಿರ್ಧಾರವೂ ಕೆಡುತ್ತದೆ. 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆಯು, ರಕ್ತದಲ್ಲಿ ಶೇ 0.05 ಮದ್ಯಸಾರ ಇರುವವರಷ್ಟೇ ಕುಗ್ಗಿದ್ದನ್ನು 1997ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನಮ್ಮ ದೇಶದಲ್ಲಿ ವಾಹನ ಚಾಲಕರಿಗಿರುವ ಮಿತಿ ಶೇ 0.03. ಹೀಗಿರುವಾಗ ರಾತ್ರಿ 11ಕ್ಕೆ ಕೂತು ಭಟ್ಟರನ್ನು ಕೆಲಸದಿಂದ ಬಿಡಿಸುವ ತೀರ್ಮಾನ ಮಾಡಬಹುದೇ? ಅದನ್ನು ಬೆಳಗಿಗೆ ಬಿಡಿ.

ಕೆಲಸ ಹಂಚುವುದೇ ಮದ್ದು

ಎಲ್ಲವನ್ನೂ ತಾನೇ ಮಾಡುವವರು ಒಳ್ಳೆಯ ಕೆಲಸಗಾರರು, ನಿಜ. ಆದರೆ ಇನ್ನೊಬ್ಬರ ಕೈಯಲ್ಲಿ ಮಾಡಿಸಬಲ್ಲವರೇ ಮಾಲೀಕರು. ಈ ಗುಣ ಹುಟ್ಟಿನಿಂದ ಬರಬೇಕಾಗಿಲ್ಲ, ಕಲಿತರೆ ಬರುತ್ತದೆ.

* ಮೊದಲು ಒಂದೇ ಕೆಲಸ ಬಿಟ್ಟುಕೊಡಿ. ತರಕಾರಿ ಖರೀದಿ ಎನ್ನಿ. ಏನು, ಎಷ್ಟು, ಎಷ್ಟು ಹೊತ್ತಿಗೆ, ಎಷ್ಟು ಹಣದವರೆಗೆ ಅವರೇ ತೀರ್ಮಾನಿಸಬಹುದು ಎಂಬುದನ್ನು ಮೊದಲೇ ಹೇಳಿ.

* ಮೊದಲ ವಾರ ಜೊತೆಗೆ ಹೋಗಿ. ಎರಡನೆಯ ವಾರ ಸಂಜೆ ಲೆಕ್ಕ ಮಾತ್ರ ನೋಡಿ. ಗಂಟೆಗೊಮ್ಮೆ ಫೋನ್ ಮಾಡಿ ವಿಚಾರಿಸಿದರೆ ಭಾರ ಇಳಿಯುವುದಿಲ್ಲ.

* ತಪ್ಪಾದರೆ ಪಕ್ಕಕ್ಕೆ ಕರೆದು ಹೇಳಿ. ಬೈಯುವ ಮಾಲೀಕರಿಂದ ಕೆಲಸಗಾರರು ತಪ್ಪು ಮುಚ್ಚಿಡುತ್ತಾರೆ. ಹಿಟ್ಟು ಹುಳಿಯಾದದ್ದು ಆಗ ಗಿರಾಕಿಯಿಂದಲೇ ನಿಮಗೆ ತಿಳಿಯಬೇಕಾಗುತ್ತದೆ.

* ಕೆಲಸಗಾರರಿಗೆ ವಾರಕ್ಕೊಂದು ರಜೆ ಕೊಡಬೇಕೆಂದು ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಹೇಳುತ್ತದೆ. ನಿಮ್ಮ ರಜೆಯನ್ನು ಮಾತ್ರ ನೀವೇ ಕೊಟ್ಟುಕೊಳ್ಳಬೇಕು.

ಹೀಗೆ ಉಳಿದ ಹೊತ್ತು ನಿದ್ದೆಗೆ ಮತ್ತು ನಡಿಗೆಗೆ ಹೋಗಲಿ. ರಾತ್ರಿ ಕನಿಷ್ಠ 7 ಗಂಟೆ ನಿದ್ದೆ, ವಾರಕ್ಕೆ ಐದು ದಿನ ಅರ್ಧ ಗಂಟೆ ಚುರುಕು ನಡಿಗೆ ಬೇಕು. ಊಟ ನಿಂತುಕೊಂಡೇ ಆಗದಿರಲಿ. ಹಸಿವೆಗೆ ಕಾಫಿ ಉತ್ತರವಲ್ಲ.

ವೈದ್ಯರನ್ನು ಯಾವಾಗ ಕಾಣಬೇಕು?

30 ದಾಟಿದವರು ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ. ರಕ್ತದೊತ್ತಡ ಮತ್ತೆ ಮತ್ತೆ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆ ಅಗತ್ಯವೇ ಎಂದು ವೈದ್ಯರನ್ನು ಕೇಳಿ. ಎದೆ ಹಿಂಡಿದಂತಾಗಿ, ಬೆವರು ಬಂದು, ನೋವು ತೋಳಿಗೋ ದವಡೆಗೋ ಹರಿದರೆ 'ಗ್ಯಾಸ್ ಇರಬೇಕು' ಎಂದು ಸೋಡಾ ಕುಡಿದು ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ. ಎರಡು ವಾರ ಕಳೆದರೂ ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಸಂಕೋಚ ಬೇಡ. 2022ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಗೆ (14416) ಉಚಿತವಾಗಿ ಕರೆ ಮಾಡಿ ಮಾತನಾಡಬಹುದು.

ಮನೆಯವರಿಗೂ ಒಂದು ಮಾತು. 'ಇವತ್ತು ಎಷ್ಟು ವ್ಯಾಪಾರ ಆಯ್ತು?' ಎಂದು ಕೇಳುವ ಮೊದಲು 'ಊಟ ಆಯ್ತಾ?' ಎಂದು ಕೇಳಿ. ಒಂದು ದಿನದ ವ್ಯಾಪಾರ ಹೋದರೆ ನಾಳೆ ಬಂದೀತು. ಆರೋಗ್ಯ ಹಾಗಲ್ಲ.