ಹಳೆಯ ಜೀಪಿನ ರೇಡಿಯೇಟರ್ ಚೌಕಟ್ಟು: ಮಳೆ ನಿಂತೊಡನೆ ಪರೀಕ್ಷಿಸಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಭಾಗದ ಅಡಿಕೆ ತೋಟಗಳಲ್ಲಿ ಹಳೆಯ ಜೀಪು, ಕಾರು ಉಳ್ಳವರು ಕೊಯ್ಲಿಗೆ ಮುನ್ನ ಗಮನಿಸಬೇಕಾದ ಭಾಗವೊಂದಿದೆ. ಅದು ರೇಡಿಯೇಟರನ್ನು ಹೊತ್ತಿರುವ ಕಬ್ಬಿಣದ ಚೌಕಟ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಜಡಿಮಳೆಯಲ್ಲಿ ಇದರ ಮೂಲೆಗಳಲ್ಲಿ ಕೆಸರು ಕೂತು, ತೇವ ಆರದೆ ತುಕ್ಕು ಹಿಡಿಯುತ್ತದೆ.

ಲಕ್ಷಣಗಳು:
1. ಗುಂಡಿಗೆ ಇಳಿದಾಗ ಮುಂಭಾಗದಲ್ಲಿ ಗಡಗಡ ಸದ್ದು.
2. ಬಾನೆಟ್ಟಿನ ಎರಡು ಬದಿಯ ಸಂದು ಸಮನಾಗಿರದೆ, ಮುಚ್ಚಲು ಕಷ್ಟವಾಗುವುದು.
3. ರೇಡಿಯೇಟರಿನ ಹಿಂಬದಿಯಲ್ಲಿ ಫ್ಯಾನಿನ ರೆಕ್ಕೆ ಉಜ್ಜಿದ ಗುರುತು.
4. ರಬ್ಬರ್ ಪೈಪಿನ ಬುಡದಲ್ಲಿ ನೀರು ಜಿನುಗುವುದು.

ಪರೀಕ್ಷಿಸುವ ಕ್ರಮ: ಎಂಜಿನ್ ನಿಲ್ಲಿಸಿ, ಪೂರ್ಣ ತಣಿದ ಮೇಲೆ ರೇಡಿಯೇಟರನ್ನು ಕೈಯಿಂದ ಮೆಲ್ಲನೆ ಅಲುಗಿಸಬೇಕು. ಚೌಕಟ್ಟಿನ ಕೆಳಪಟ್ಟಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿದಾಗ ಕುಸಿದರೆ ತುಕ್ಕು ಆಳಕ್ಕೆ ಇಳಿದಿದೆ ಎಂದರ್ಥ. ಮೇಲಿನ ಬಣ್ಣ ನೋಡಿ ಮೋಸಹೋಗಬಾರದು.

ಪರಿಹಾರ: ಅಡಿಯ ರಬ್ಬರ್ ಮಾತ್ರ ಸವೆದಿದ್ದರೆ ಅದನ್ನು ಬದಲಿಸಿದರೆ ಸಾಕು. ಚೌಕಟ್ಟೇ ಟೊಳ್ಳಾಗಿದ್ದರೆ ಆ ಭಾಗವನ್ನು ಕತ್ತರಿಸಿ, ಹೊಸ ಪಟ್ಟಿ ವೆಲ್ಡ್ ಮಾಡಿಸಿ, ತುಕ್ಕುನಿರೋಧಕ ಬಣ್ಣ ಬಳಿಸಬೇಕು. ತಂತಿ ಕಟ್ಟಿ ಓಡಿಸುವುದು ತರವಲ್ಲ. ಚಾರ್ಮಾಡಿ ಘಾಟಿಯಂಥ ಏರಿನಲ್ಲಿ ರೇಡಿಯೇಟರ್ ವಾಲಿ ಫ್ಯಾನಿಗೆ ತಗಲಿದರೆ ನೀರೆಲ್ಲ ಸೋರಿ ಎಂಜಿನ್ನೇ ಹಾಳಾದೀತು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಈ ಮೂಲೆಗಳ ಕೆಸರು ತೊಳೆದರೆ ಚೌಕಟ್ಟು ಹೆಚ್ಚು ಕಾಲ ಬಾಳುತ್ತದೆ.