ಡೀಸೆಲ್ ಕಾರಿನ ಹೊಗೆ ಏನನ್ನು ಹೇಳುತ್ತದೆ?

ಹೊನ್ನವಳ್ಳಿಯ ಕಡೆ ಬಚ್ಚಲೊಲೆಗೆ ಉರಿ ಹಾಕಿ ಬಲ್ಲವರಿಗೆ ಹೊಗೆಯ ವಿಷಯವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ತೆಂಗಿನ ಹಸಿ ಮಟ್ಟೆಯನ್ನು ಒಲೆಗೆ ತುರುಕಿದರೆ ಕಣ್ಣುರಿಸುವ ಬಿಳಿಯ ಹೊಗೆ ಏಳುತ್ತದೆ. ಒಣಗಿದ ಚಿಪ್ಪುಗಳನ್ನೇ ಗಾಳಿಯಾಡದಂತೆ ಒತ್ತಾಗಿ ತುಂಬಿದರೆ ಹಂಡೆಯ ತಳಕ್ಕೆ ಕಪ್ಪು ಮಸಿ ಹತ್ತುತ್ತದೆ. ಮೊದಲನೆಯದರಲ್ಲಿ ಕಾವು ಸಾಲದು; ಎರಡನೆಯದರಲ್ಲಿ ಗಾಳಿ ಸಾಲದು. ಡೀಸೆಲ್ ಕಾರಿನ ಸೈಲೆನ್ಸರಿನಿಂದ ಹೊರಡುವ ಹೊಗೆಯೂ ಬಹುಮಟ್ಟಿಗೆ ಇದೇ ಭಾಷೆಯನ್ನಾಡುತ್ತದೆ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಪುಷ್ಯಮಾಸದ ಬೆಳಗು, ಸೀಸೆಯೊಳಗಿನ ಕೊಬ್ಬರಿ ಎಣ್ಣೆ ಗಟ್ಟಿಯಾಗಿದೆ, ಎಂದರೆ ಉಷ್ಣತೆ ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿದಿದೆ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಹೊರಟ ರೈತರೊಬ್ಬರ ಹಳೆಯ ಡೀಸೆಲ್ ಅಂಬಾಸಡರು ಬಹಳ ಹೊತ್ತು ಕೆಮ್ಮಿ ಪ್ರಾರಂಭವಾಗುತ್ತದೆ. ಬಿಳಿಯ ಹೊಗೆಯುಗುಳುತ್ತ ಮೈಯೆಲ್ಲ ನಡುಗುತ್ತದೆ. ನೋಡಿದವರೊಬ್ಬರು, "ಬೋರು ಸವೆದಿದೆ, ಎಂಜಿನ್ ಇಳಿಸಬೇಕು" ಎಂದುಬಿಡುತ್ತಾರೆ. ಆ ಮಾತನ್ನು ನಂಬಿದರೆ ಆ ವರ್ಷದ ಕೊಬ್ಬರಿಯ ಹಣದಲ್ಲಿ ದೊಡ್ಡದೊಂದು ಪಾಲು ಗ್ಯಾರೇಜಿಗೆ ಹೋದಂತೆಯೇ. ನಂಬುವ ಮುನ್ನ ಎಂಜಿನ್ನನ್ನೇ ವಿಚಾರಿಸುವುದು ಮೇಲು.

ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ನಡೆಸಿ ತೋರಿಸಿದ ಈ ಯಂತ್ರದಲ್ಲಿ ಪೆಟ್ರೋಲ್ ಎಂಜಿನ್ನಿನಂತೆ ಕಿಡಿಯಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ವಾಚಕರು ಬಲ್ಲರು. ಹಳೆಯ ಡೀಸೆಲ್ ಕಾರುಗಳ ಸಿಲಿಂಡರಿನಲ್ಲಿ ಪಿಸ್ಟನ್ನು ಗಾಳಿಯನ್ನು ಇಪ್ಪತ್ತನೆಯ ಒಂದು ಭಾಗಕ್ಕೆ ಅಥವಾ ಅದಕ್ಕೂ ಕಡಿಮೆಗೆ ಅದುಮುತ್ತದೆ. ಆಗ ಗಾಳಿಯ ಉಷ್ಣತೆ 500 ಡಿಗ್ರಿಯನ್ನೂ ಮೀರಬಲ್ಲದು. ಅದರೊಳಕ್ಕೆ ಮಂಜಿನಂತೆ ಸಿಂಪಡಿಸಿದ ಡೀಸೆಲು ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಕಾವು ಸಾಲದಾದಾಗ ಡೀಸೆಲಿನ ಹನಿಗಳು ಉರಿಯದೆ ಆವಿಯಾಗಿ ಹೊರಬೀಳುತ್ತವೆ. ಅದೇ ಬಿಳಿಯ ಹೊಗೆ. ಅದು ಡೀಸೆಲಿನ ವಾಸನೆಯಿಂದ ಕೂಡಿ ಕಣ್ಣಿಗೆ ಚುಚ್ಚುತ್ತದೆ. ಚಳಿಯಲ್ಲಿ ಒಳಗನ್ನು ಮೊದಲೇ ಕಾಯಿಸಬೇಕಾದ ಹೀಟರ್ ಪ್ಲಗ್ಗುಗಳಲ್ಲಿ ಒಂದು ಸುಟ್ಟಿದ್ದರೂ ಸಾಕು, ಬೆಳಗಿನ ಕೆಲವು ನಿಮಿಷ ಹೀಗಾಗುತ್ತದೆ. ಹೊಗೆಗೆ ಡೀಸೆಲಿನ ವಾಸನೆಯಿಲ್ಲದೆ ರೇಡಿಯೇಟರಿನ ನೀರು ದಿನದಿನಕ್ಕೆ ಇಳಿಯುತ್ತಿದ್ದರೆ ಅದು ಹೊಗೆಯಲ್ಲ, ಗ್ಯಾಸ್ಕೆಟ್ ಸೋರಿ ಬಂದ ನೀರಾವಿ. ಇನ್ನು ಕಪ್ಪು ಹೊಗೆಯೆಂದರೆ ಗಾಳಿ ಸಾಲದೆ ಉಳಿದ ಇಂಗಾಲ. ಒಂದು ಕಿಲೋಗ್ರಾಂ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕಿಲೋಗ್ರಾಂ ಗಾಳಿ ಬೇಕು. ಮಣ್ಣುರಸ್ತೆಯ ಧೂಳು ಕೂತ ಏರ್ ಫಿಲ್ಟರಿನ ಮೂಲಕ ಅಷ್ಟು ಬರುವುದೆಂತು? ಈ ಹೊಗೆಯನ್ನು ಮುಚ್ಚಿದ ಕೊಟ್ಟಿಗೆಯಲ್ಲಿ ನಿಂತು ಪರೀಕ್ಷಿಸಬಾರದು. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ತೀರ್ಮಾನಿಸಿದೆ.

ಬೋರು ನಿಜವಾಗಿ ಸವೆದಿದ್ದರೆ ಎಂಜಿನ್ ಆಯಿಲು ಪಿಸ್ಟನ್ ರಿಂಗುಗಳನ್ನು ದಾಟಿ ಉರಿದು ನೀಲಿಯ ಹೊಗೆ ಬರುತ್ತದೆ; ಎಂಜಿನ್ ಕಾದಮೇಲೂ ಅದು ನಿಲ್ಲದು; ಆಯಿಲ್ ತುಂಬುವ ಮುಚ್ಚಳ ತೆಗೆದರೆ ಅಲ್ಲಿಂದಲೂ ಬುಸುಬುಸನೆ ಹೊಗೆಯಾಡುತ್ತದೆ. ನಮ್ಮ ರೈತರ ಕಾರಿನಲ್ಲಿ ಇದಾವುದೂ ಕಾಣುವುದಿಲ್ಲ. ಬಿಳಿಯ ಹೊಗೆ ಮಾತ್ರ ಕಾದಮೇಲೂ ತೆಳುವಾಗಿ ಉಳಿದಿದೆ, ನಡುಕವೂ ನಿಂತಿಲ್ಲ.

ಈಗ ನಡುಕದ ಕಡೆಗೆ ತಿರುಗೋಣ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಒಟ್ಟು 1600 ಬಾರಿ ದಹನವಾಗಬೇಕು. ಒಂದು ಸಿಲಿಂಡರು ಕೆಲಸ ನಿಲ್ಲಿಸಿದರೆ ಪ್ರತಿ ನಾಲ್ಕನೆಯ ಹೊಡೆತ ತಪ್ಪುತ್ತದೆ. ಮೆಕ್ಯಾನಿಕ್ಕುಗಳು ಇದನ್ನೇ "ಮಿಸ್ಸಿಂಗ್" ಎನ್ನುವುದು. ಕೊಳವೆಗಳಲ್ಲಿ ಗಾಳಿ ಸೇರಿಕೊಂಡರೂ ಎಂಜಿನ್ ಓಲಾಡುತ್ತದೆ. ಆದರೆ ಆಗ ಲಯ ಒಂದೇ ಸಮನಿರದೆ, ವೇಗ ಏರಿಳಿದು, ಎಂಜಿನ್ ನಿಂತೇಹೋಗುವುದುಂಟು. ತಾಳ ತಪ್ಪದೆ ಮಿಸ್ಸಾಗುತ್ತಿದ್ದರೆ ತಪ್ಪಿತಸ್ಥ ಒಂದು ಸಿಲಿಂಡರೇ. ಅದು ಯಾವುದು?

ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಇಂಜೆಕ್ಟರಿಗೆ ಬರುವ ಕೊಳವೆಯ ನಟ್ಟನ್ನು ಒಂದೊಂದಾಗಿ ಸ್ವಲ್ಪ ಸಡಿಲಿಸಿ ಮತ್ತೆ ಬಿಗಿಯುತ್ತಾರೆ. ಕೆಲಸ ಮಾಡುತ್ತಿದ್ದ ಸಿಲಿಂಡರಿನದಾದರೆ ಸದ್ದು ಕುಗ್ಗುತ್ತದೆ. ಸಡಿಲಿಸಿದರೂ ಏನೂ ಬದಲಾಗದ್ದೇ ಕೆಟ್ಟದ್ದು. ಇಲ್ಲಿ ಎಚ್ಚರಿಕೆ ಅಗತ್ಯ. ಹಳೆಯ ಎಂಜಿನ್ನಿನಲ್ಲಿಯೂ ಈ ಕೊಳವೆಯ ಒತ್ತಡ ವಾಯುಮಂಡಲದ ಒತ್ತಡಕ್ಕೆ ನೂರು ಪಾಲಿಗೂ ಮಿಗಿಲು. ಚಿಮ್ಮಿದ ಡೀಸೆಲು ಚರ್ಮವನ್ನು ಭೇದಿಸಿ ಒಳಹೊಕ್ಕು ಬೆರಳನ್ನೇ ಕಳೆಯಬಲ್ಲದು. ಸಾವಿರ ಪಾಲನ್ನೂ ಮೀರಿದ ಒತ್ತಡವಿರುವ ಈಚಿನ ಕಾಮನ್ ರೈಲ್ ಕಾರುಗಳಲ್ಲಂತೂ ಈ ಪರೀಕ್ಷೆಯನ್ನು ಮಾಡಲೇಬಾರದು. ಅಲ್ಲಿ ಸ್ಕ್ಯಾನರ್ ಇದೆ.

ನಮ್ಮ ಕಾರಿನಲ್ಲಿ ಮೂರನೆಯ ಸಿಲಿಂಡರು ಸಿಕ್ಕಿಬಿತ್ತೆನ್ನೋಣ. ಅಲ್ಲಿಂದ ಬಿಳಿಯ ಹೊಗೆ ಬರುತ್ತಿರುವುದರಿಂದ ಡೀಸೆಲ್ ತಲುಪುತ್ತಿದೆ, ಉರಿಯುತ್ತಿಲ್ಲ. ಸಿಂಪಡಿಕೆ ಕೆಟ್ಟಿದೆಯೋ, ಗಾಳಿಯ ಅದುಮಿಕೆ ಕುಗ್ಗಿದೆಯೋ? ಇದನ್ನು ಬಿಡಿಸುವ ಉಪಾಯ ನಮಗೆ ಪ್ರಯೋಗಶಾಲೆಯ ಯಾವ ಪ್ರಯೋಗಕ್ಕೂ ಕಡಮೆಯೆನಿಸದು. ಉಳಿದುದನ್ನೆಲ್ಲ ಇದ್ದಂತೆಯೇ ಬಿಟ್ಟು, ಮೂರನೆಯದರ ಮತ್ತು ಒಂದನೆಯದರ ಇಂಜೆಕ್ಟರುಗಳನ್ನು ಮಾತ್ರ ಅದಲುಬದಲು ಮಾಡುವುದು. ದೋಷ ಮೂರರಲ್ಲಿಯೇ ಉಳಿದರೆ ಕವಾಟ, ರಿಂಗು, ಗ್ಯಾಸ್ಕೆಟ್ಟುಗಳನ್ನು ಸಂಶಯಿಸಬೇಕು. ಎಂಜಿನ್ ಬಿಚ್ಚಬೇಕೆಂದವರ ಮಾತು ಆಗ ಸರಿಯಾದೀತು. ದೋಷ ಒಂದಕ್ಕೆ ನಡೆದುಬಂದರೆ ಇಂಜೆಕ್ಟರೇ ಅಪರಾಧಿ.

ಹಾಗೆ ನಡೆದುಬಂದದ್ದಾದರೆ ಬದಲಿಸಬೇಕಾದದ್ದು ಬೆರಳುದ್ದದ ಒಂದು ನಾಝಲ್. 1951ರಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ತೆರೆದ ಮೈಕೋ ಕಂಪನಿ (2008ರಿಂದ ಬಾಷ್ ಲಿಮಿಟೆಡ್) ದೇಶಕ್ಕೆಲ್ಲ ಪರಿಚಯಿಸಿದ ಭಾಗಗಳಲ್ಲಿ ಇದೂ ಒಂದು. ಇದರ ಸೂಜಿಗೂ ಕವಚಕ್ಕೂ ನಡುವಣ ಅಂತರ ಒಂದು ಮಿಲಿಮೀಟರಿನ ಸಾವಿರದ ಕೆಲವೇ ಪಾಲು. ನೀರೋ ಧೂಳೋ ಬೆರೆತ ಡೀಸೆಲಿನಿಂದ ಅದು ಗೀರಿದರೆ ಮಂಜು ಬೀಳಬೇಕಾದಲ್ಲಿ ತೊಟ್ಟಿಕ್ಕುತ್ತದೆ. ಹೊಸದನ್ನು ಕೂರಿಸುವಾಗ ಅಡಿಯ ತಾಮ್ರದ ವಾಷರನ್ನೂ ಹೊಸದು ಹಾಕಬೇಕು. ಹಳೆಯ ವಾಷರು ಸೋರಿದರೆ ಮಾರನೆಯ ಬೆಳಗ್ಗೆ ಅದೇ ಮಿಸ್ಸಿಂಗ್ ಮತ್ತೆ ಕೇಳಿಸುವುದು. ಆಗ ನಾಝಲ್ ನಿರಪರಾಧಿಯಾಗಿರುತ್ತದೆ.